ಕೆಂಡ ಹಣ್ಣಾಗುವ ತನಕ

ನಮ್ಮೂರಿನಲ್ಲಿ ಎದುರು ಮಾತು ಕೆಂಡವಿಲ್ಲದೆ ಬಾಯಿಂದ ಹೊರಗೆ ಬರುವುದಿಲ್ಲ. ಒಬ್ಬರ ಮುಖ ನೋಡಿ ‘ಇಲ್ಲ’, ‘ಬೇಡ’, ‘ನೀನು ಮಾಡಿದ್ದು ತಪ್ಪು’ ಅನ್ನಲು ಹೋದರೆ ಗಂಟಲು ಮುಚ್ಚಿಕೊಳ್ಳುತ್ತದೆ. ನೋವಿಲ್ಲ, ಉಸಿರುಗಟ್ಟುವುದೂ ಇಲ್ಲ. ಮಾತು ಮೇಲಕ್ಕೆ ಬಂದು ಕಿರುನಾಲಗೆಯ ಹತ್ತಿರ ಕೂತುಬಿಡುತ್ತದೆ. ಹುಕ್ಕಾಮನೆಯ ಕಲ್ಲುಬೆಂಚುಗಳ ಮೇಲೆ ಎದುರುಬದುರು ಕೂತು, ಸರಿಯಾಗಿ ಕಾದ ಇದ್ದಿಲನ್ನು ಚಿಲುಮೆಯ ಮೇಲಿಟ್ಟು ಒಂದು ದಮ್ಮು ಎಳೆದರೆ ಮಾತ್ರ ಅದಕ್ಕೆ ಬಿಡುಗಡೆ. ಕೆಂಡ ಬೂದಿಯಾಯಿತೋ, ಗಂಟಲು ಮತ್ತೆ ಮುಚ್ಚಿತು. ಬೆನ್ನ ಹಿಂದೆ ಆಡುವುದಕ್ಕೆ ಇದ್ಯಾವುದೂ ಬೇಕಿಲ್ಲ. ಹಾಗಾಗಿ ನಮ್ಮೂರು ಬೇರೆ ಊರುಗಳಿಗಿಂತ ಬಹಳ ಬೇರೆ ಎಂದೇನೂ ನನಗೆ ಅನ್ನಿಸಿಲ್ಲ.

ಕೆಂಡ ಕಾಯಿಸುವವರು ನನ್ನ ಗಂಡ ಫಕೀರಪ್ಪ. ಅವರ ಅಪ್ಪ ಕಾಯಿಸುತ್ತಿದ್ದರು, ಅಪ್ಪನ ಅಪ್ಪನೂ ಕಾಯಿಸುತ್ತಿದ್ದರು. ನೋಡುವವರಿಗೆ ಇದೇನು ಮಹಾ ಕೆಲಸ ಅನ್ನಿಸುತ್ತದೆ. ಇದ್ದಿಲು ಜಾಲಿಯದಾಗಿರಬೇಕು, ನಿಂಬೆಹಣ್ಣಿಗಿಂತ ದೊಡ್ಡದಿರಬಾರದು. ಒಂದಕ್ಕೊಂದು ತಾಗಿಸಿದರೆ ಟಣ್ ಅನ್ನಬೇಕು. ಬೊದ್ ಅಂದರೆ ಒಳಗೆ ಥಂಡಿ ಇದೆ ಎಂದರ್ಥ. ಅಗ್ಗಿಷ್ಟಿಕೆಯ ಜಾಲರಿಯ ಮೇಲೆ ಕೆಳಗಿನಿಂದ ಗಾಳಿ ಆಡುವ ಹಾಗೆ ಇಟ್ಟು, ಒಂದು ಮೂಲೆ ಕೆಂಪಾದ ಮೇಲೆ ಇಕ್ಕಳದಿಂದ ಮಗ್ಗುಲು ಬದಲಿಸಬೇಕು. ಮತ್ತೆ ಕಾಯಬೇಕು, ಮತ್ತೆ ಬದಲಿಸಬೇಕು. ಅವಸರಕ್ಕೆ ಬಿದ್ದು ಬೀಸಣಿಗೆ ಬೀಸಿದರೆ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಎಲ್ಲ ಮಗ್ಗುಲೂ ಕೆಂಪಾಗಿ, ಕಪ್ಪು ಎಳ್ಳಷ್ಟೂ ಉಳಿಯದೆ, ಮೇಲೆ ತೆಳ್ಳಗೆ ಬಿಳಿಬೂದಿ ಕಟ್ಟಿದಾಗ ಕೆಂಡ ಹಣ್ಣಾಯಿತು ಅನ್ನುತ್ತೇವೆ. ಆಗ ಅದನ್ನು ಒಮ್ಮೆ ತಟ್ಟಿ ಬೂದಿ ಉದುರಿಸಿ ಚಿಲುಮೆಯ ಅಂಚಿಗೆ ಇಡಬೇಕು. ನಡುವೆ ಇಟ್ಟರೆ ತಂಬಾಕು ಸುಟ್ಟು, ಆಡುವ ಮಾತೆಲ್ಲ ಕಹಿಯಾಗುತ್ತದೆ.

ಹಸಿ ಕೆಂಡದ ಮೇಲೆ ಎಳೆದರೆ ಅರ್ಧ ಮಾತು ಬಂದು ಅರ್ಧ ಒಳಗೇ ಉಳಿಯುತ್ತದೆ, ಜೊತೆಗೆ ಇಡೀ ದಿನ ತಲೆನೋವು. ಹೊಲಿಗೆಯ ದ್ಯಾಮಣ್ಣ ಒಮ್ಮೆ ತಡೆಯಲಾರದೆ, ಆದಷ್ಟು ಸಾಕು ಇಡಪ್ಪಾ ಎಂದು ಗಡಿಬಿಡಿ ಮಾಡಿ, ಪಕ್ಕದ ಮನೆಯವನಿಗೆ “ನೀ ನಮ್ಮ ಅಂಗಳದಾಗ” ಅಂದು ಅಲ್ಲಿಗೇ ನಿಂತುಬಿಟ್ಟ. ಆ ಪಕ್ಕದ ಮನೆಯವನು ತಾನು ಅಂಗಳದಲ್ಲಿ ಏನು ಮಾಡಿದ್ದೇನೋ ತಿಳಿಯದೆ, ಇವತ್ತಿಗೂ ಬೆಳಿಗ್ಗೆ ಎದ್ದು ದ್ಯಾಮಣ್ಣನ ಅಂಗಳ ಗುಡಿಸಿ ಹೋಗುತ್ತಾನೆ. ದ್ಯಾಮಣ್ಣ ಆಮೇಲೆ ಜಗಳ ಮುಂದುವರಿಸಲು ಬರಲಿಲ್ಲ. ಬಹಳ ಹೊತ್ತು ಕಾದು ಸವೆದ ಕೆಂಡದ್ದು ಇನ್ನೊಂದು ಕಥೆ. ಮಾತೇನೋ ಪೂರ್ತಿ ಬರುತ್ತದೆ, ಆದರೆ ಕಾವಿರುವುದಿಲ್ಲ. “ನೀನು ನನ್ನ ಬಾಳು ಹಾಳು ಮಾಡಿದೆ” ಎಂಬುದನ್ನು ‘ಸಂತೆಯಲ್ಲಿ ಬದನೆಕಾಯಿ ಚೆನ್ನಾಗಿದೆ’ ಅನ್ನುವ ಹಾಗೆ ಹೇಳಿದರೆ ಕೇಳಿಸಿಕೊಂಡವನು ಹೂಂ ಅಂದು ಎದ್ದು ಹೋಗುತ್ತಾನೆ.

ಜಗಳ ಇದ್ದವರು ತಮ್ಮ ಮನೆಯ ಚೊಂಬನ್ನು ತಂದು ಬೆಂಚಿನ ಮೇಲೆ ಬೋರಲು ಹಾಕಿ, ಯಾರ ಮೇಲೆ ಎಂದು ಹೆಸರು ಹೇಳಿ ಹೋಗುತ್ತಾರೆ. ಹೆಸರು ಬಂದವನು ಬರಲೇಬೇಕು. ಕೆಂಡ ಹಣ್ಣಾಗುವ ತನಕ ಇಬ್ಬರೂ ಸುಮ್ಮನೆ ಕೂರುತ್ತಾರೆ. ಸುಮ್ಮನೆ ಕೂರಲು ನಮ್ಮ ಜನಕ್ಕೆ ಬರುವುದಿಲ್ಲವಾದ್ದರಿಂದ ಹೆಂಗಸರು ಮೊರ ತಂದು ಅಕ್ಕಿ ಆರಿಸುತ್ತಾರೆ, ಗಂಡಸರು ಹಗ್ಗ ಹೊಸೆಯುತ್ತಾರೆ. ಅರ್ಧಕ್ಕರ್ಧ ಜಗಳ ಅಕ್ಕಿಯ ಜೊತೆಗೇ ಮುಗಿಯುತ್ತದೆ. ಒಮ್ಮೆ ಇಬ್ಬರು ಅಣ್ಣತಮ್ಮಂದಿರು ಕೂತು ಹೊಸೆದ ಹಗ್ಗ ಅದೆಷ್ಟು ಚೆನ್ನಾಗಿ ಬಂತೆಂದರೆ, ಕೆಂಡ ಹಣ್ಣಾದಾಗ ಇಬ್ಬರೂ ಹಗ್ಗದ ಎರಡು ತುದಿ ಹಿಡಿದು ಹೊರಟೇಹೋದರು. ಆ ದಿನ ನನ್ನ ಗಂಡ ಕೆಂಡಕ್ಕೆ ನೀರು ಚಿಮುಕಿಸುತ್ತಾ ಬಹಳ ಸಂತೋಷಪಟ್ಟರು. ಜಗಳ ಆರಿದರೆ ಅದು ತಾವೇ ಆರಿಸಿದ ಹಾಗೆ ಅವರಿಗೆ.

ಊರಲ್ಲಿ ಚೊಂಬು ಬೀಳದ ಮನುಷ್ಯ ಅವರೊಬ್ಬರೇ. ಯಾರೂ ಅವರ ಹೆಸರು ಹೇಳಿದ್ದಿಲ್ಲ. ಜಗಳವೇ ಇಲ್ಲದ ಮನುಷ್ಯ ಎಂದು ಜನ ಕೈ ಮುಗಿಯುತ್ತಿದ್ದರು. ಮದುವೆಯಲ್ಲಿ ಮೊದಲ ಎಲೆಯಡಿಕೆ ಅವರಿಗೇ. ಅವರ ಮೇಲೆ ಜಗಳವಿದ್ದರೆ ಕೆಂಡ ಯಾರು ಕಾಯಿಸಬೇಕು ಎಂದು ಮಾತ್ರ ಯಾರೂ ಕೇಳಲಿಲ್ಲ. ಊರಿನವರು ಯಾವಾಗಲೂ ಮಾಡುವ ತಪ್ಪು ಅದು. ಬೆಂಚಿಗೆ ಬರದ ಜಗಳ ಜಗಳವೇ ಅಲ್ಲ ಎಂದುಕೊಂಡಿದ್ದಾರೆ. ನನ್ನ ಗಂಡ ಎಲ್ಲರಿಗಿಂತ ಹೆಚ್ಚಾಗಿ ಅದನ್ನು ನಂಬಿದ್ದರು.

ನಾನು ಈ ಊರವಳಲ್ಲ. ಹೊಳೆಯಾಚೆ ಕುಂಬಾರರ ಮನೆಯವಳು. ತಾಯಿ ಬೇಗ ಹೋದದ್ದರಿಂದ ಅವಳ ತಂಗಿ, ನನ್ನ ಚಿಗವ್ವ, ಸಾಕಿದಳು. ಆಚೆ ದಡದಲ್ಲಿ ಯಾರು ಯಾರನ್ನು ಬೇಕಾದರೂ ಬೈಯಬಹುದು. ಮದುವೆಗೆಂದು ನನ್ನನ್ನು ಬಂಡಿಯಲ್ಲಿ ಈ ಊರಿಗೆ ಕರೆತರುವಾಗ ಚಿಗವ್ವ ದಾರಿಯುದ್ದಕ್ಕೂ ಬೀಗರನ್ನು ಬೈಯುತ್ತಾ ಬಂದವಳು, ಹೊಳೆ ದಾಟುತ್ತಲೇ ಬಾಯಿ ತೆರೆದಂತೆಯೇ ಸುಮ್ಮನಾದಳು. ಮಗಳನ್ನು ಕಳಿಸುವ ದುಃಖ ಎಂದು ಬಂಡಿಯಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ನನ್ನ ಬಳುವಳಿಯೆಂದರೆ ಮಡಕೆ ಮಾಡುವ ಚಕ್ರ, ಒಂದು ತಿಗರಿ. ಅದರ ಮೇಲೆ ಚಿಲುಮೆ ತಿರುವುತ್ತಾ ಕೂತರೆ ನನಗೆ ಹೊಟ್ಟೆ ಹಸಿವೂ ಗೊತ್ತಾಗುತ್ತಿರಲಿಲ್ಲ.

ಹುಕ್ಕಾಮನೆಗೆ ಚಿಲುಮೆ ಸಂತೆಯಿಂದ ಬರುತ್ತಿದ್ದವು. ಅರ್ಧಂಬರ್ಧ ಸುಟ್ಟ ಮಣ್ಣು, ಎರಡು ಜಗಳಕ್ಕೇ ಸೀಳು ಬಿಡುತ್ತಿದ್ದವು. ಬಂದ ಹೊಸದರಲ್ಲೇ ನಾನು ಕೇಳಿದೆ. ಕೇಳುವುದು ಎದುರು ಮಾತಲ್ಲವಲ್ಲ, ಸಲೀಸಾಗಿ ಬಂತು.

“ಹಿತ್ತಲದಾಗ ಮಣ್ಣು ಸುಡೂ ಒಂದು ಸಣ್ಣ ಆವಿಗಿ ಹಾಕೂಣೇನ್ರಿ? ಚಿಲುಮಿ ನಾನ ಮಾಡ್ತೀನಿ.”

“ನೋಡೂಣಂತ,” ಅಂದರು.

ಆ ಮೇಲೆ ಪ್ರತಿ ಸುಗ್ಗಿಯಲ್ಲೂ ಕೇಳಿದೆ. ಪ್ರತಿ ಸುಗ್ಗಿಯಲ್ಲೂ ನೋಡೂಣಂತ ಅಂದರು. ನಗುತ್ತಲೇ ಅಂದರು, ನನಗೆ ಇಷ್ಟವಾದ ಕರದಂಟು ತಂದುಕೊಟ್ಟು ಅಂದರು. ಬೇಡ ಅಂದಿದ್ದರೆ ಚೊಂಬು ಬೋರಲು ಹಾಕಬಹುದಿತ್ತು. ನೋಡೂಣಂತ ಅಂದವರ ಮೇಲೆ ಏನೆಂದು ಹಾಕುವುದು? ತಿಗರಿ ಕೊಟ್ಟಿಗೆ ಸೇರಿತು. ಅದರ ಮೇಲೆ ಕೋಳಿಗಳು ಮೊಟ್ಟೆ ಇಡತೊಡಗಿದವು. ನಮಗೆ ಮಕ್ಕಳಾಗಲಿಲ್ಲ. ಅದಕ್ಕಾಗಿ ನನ್ನನ್ನು ಹಂಗಿಸಬೇಕೆಂದು ಅತ್ತೆಗೆ ಬಹಳ ಆಸೆಯಿತ್ತು, ಆದರೆ ಸ್ವಂತ ಮಗನ ಎದುರು ಸೊಸೆಯ ಜೊತೆ ಬೆಂಚಿಗೆ ಬರುವುದು ನಾಚಿಕೆಯೆಂದು ಮಾತನ್ನು ಗಂಟಲಲ್ಲೇ ಇಟ್ಟುಕೊಂಡು ತೀರಿಕೊಂಡರು. ಒಳ್ಳೆಯವರೇ.

ಹೋದ ಬೇಸಿಗೆಯಲ್ಲಿ ಚಿಗವ್ವ ದೋಣಿಯವನ ಬಾಯಲ್ಲಿ ಸುದ್ದಿ ಕಳಿಸಿದಳು. ಕೈ ನಡುಗುತ್ತಿದೆ, ತಿಗರಿ ಹಿಡಿಯಲಾಗುತ್ತಿಲ್ಲ. ನೀನು ಬಂದರೆ ಆವಿಗೆ ನಿನ್ನದು, ಇಲ್ಲವಾದರೆ ಇಟ್ಟಿಗೆ ಸುಡುವವರು ಕೇಳುತ್ತಿದ್ದಾರೆ, ಕೊಟ್ಟುಬಿಡುತ್ತೇನೆ. ಮುಂದಿನ ಸಂತೆಯ ಮರುದಿನ ಬೆಳಿಗ್ಗೆ ಬಂಡಿ ಕಳಿಸುತ್ತೇನೆ, ಬಂದರೆ ಬಾ.

ಆ ಸುದ್ದಿ ಕೇಳಿ ನನ್ನ ಕೈ ತಾನಾಗಿ ಮಣ್ಣು ಮಿದಿಯುವ ಹಾಗೆ ಆಡಿತು. ಹಿಟ್ಟು ಕಲಸುತ್ತಿದ್ದೆ, ನಾದಿ ನಾದಿ ರೊಟ್ಟಿಗೆ ಬಾರದ ಹಾಗೆ ಮಾಡಿಬಿಟ್ಟೆ. ಅವರು ಊಟಕ್ಕೆ ಕೂತಾಗ “ಚಿಗವ್ವನ ಊರಿಗೆ ಹೋಗಿ ಬರ್ತೀನಿ” ಅಂದೆ. ಸರಾಗವಾಗಿ ಬಂತು. “ಹೋಗಿ ಅಲ್ಲೇ ಆವಿಗಿ ನಡಸ್ತೀನಿ, ನೀವು ಏನಂದ್ರೂ” ಎಂಬುದು ಮಾತ್ರ ಕಿರುನಾಲಗೆಯ ಹತ್ತಿರ ಕೂತಿತು. ಅವರು ರೊಟ್ಟಿ ಮುರಿಯುತ್ತಾ “ನೋಡೂಣಂತ” ಅಂದರು.

ಹೇಳದೆ ಬಂಡಿ ಹತ್ತಿ ಹೋಗಬಹುದಿತ್ತು. ಹಾಗೆ ಹೋದರೆ ಊರವರು ತವರಿಗೆ ಹೋಗಿದ್ದಾಳೆ ಅನ್ನುತ್ತಾರೆ, ಅವರು ನೋಡೂಣಂತ ಅನ್ನುತ್ತಾ ಇಲ್ಲಿ ಕೂರುತ್ತಾರೆ, ನಾನು ಹೋದದ್ದು ಹೋದ ಹಾಗೇ ಆಗುವುದಿಲ್ಲ. ಆಚೆ ದಡಕ್ಕೆ ಕರೆದು ಕೇಳೋಣವೆಂದರೆ ಅವರು ಅಗ್ಗಿಷ್ಟಿಕೆ ಬಿಟ್ಟು ಹೊಳೆ ದಾಟಿದವರೇ ಅಲ್ಲ. ನನಗೆ ಹೋಗುವುದಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಒಂದು ಉತ್ತರ. ಹೌದೆನ್ನಲಿ, ಅಲ್ಲವೆನ್ನಲಿ, ಅವರ ಬಾಯಿಂದ ಬರಬೇಕು. ಮರುದಿನ ನಮ್ಮ ಮನೆಯ ಚೊಂಬನ್ನು ತೊಳೆದು ಒರೆಸಿ, ಹುಕ್ಕಾಮನೆಯ ಬೆಂಚಿನ ಮೇಲೆ ಬೋರಲು ಹಾಕಿ, ಅವರ ಹೆಸರು ಹೇಳಿದೆ. ಗಂಡನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಬಳೆಯ ಖಾಸಿಂಬಿ ಆಗ ಬೆಂಚಿನ ತುದಿಯಲ್ಲಿ ಕೂತು ಬಳೆ ಕಟ್ಟುತ್ತಿದ್ದಳು. ಅವಳಿಗೆ ಹುಕ್ಕಾಮನೆಯೇ ಅಂಗಡಿ. ಜಗಳದಲ್ಲಿ ಒಡೆದ ಬಳೆಗೆ ಅಲ್ಲೇ ಬೇರೆ ತೊಡಿಸುತ್ತಾಳೆ. ಕೈಯಲ್ಲಿದ್ದ ಬಳೆ ಕೆಳಗಿಟ್ಟು, “ಯವ್ವಾ, ಫಕೀರಪ್ಪಗ?” ಅಂದಳು.

“ಹೂಂ ಖಾಸಿಂಬಿ, ಅವರಿಗೇ.”

“ಮತ್ತ ಕೆಂಡ ಯಾರ್ ಕಾಯಸ್ತಾರ?”

ನನ್ನ ಗಂಡ ಚೊಂಬನ್ನು ನೋಡಿದರು, ನನ್ನನ್ನು ನೋಡಿದರು. ಊರಿನ ಪದ್ಧತಿ ಮುರಿಯುವವರಲ್ಲ ಅವರು. “ನಾನ ಕಾಯಸ್ತೀನಿ. ಇದರಾಗ ಏನೈತಿ?” ಅಂದರು. ಅಲ್ಲಿದ್ದವರೆಲ್ಲ ಎಂಥ ದೊಡ್ಡ ಮನಸ್ಸು ಎಂದು ತಲೆದೂಗಿದರು. ನನಗೂ ಅರೆಗಳಿಗೆ ಹಾಗೇ ಅನ್ನಿಸಿತು.

ಮೊದಲ ದಿನ ಅವರು ಬುಟ್ಟಿಯ ತಳಕ್ಕೆ ಕೈ ಹಾಕಿ, ಮುಷ್ಟಿಗಿಂತ ದಪ್ಪನೆಯ ಇದ್ದಿಲೊಂದನ್ನು ತೆಗೆದರು. ಜಾಲರಿಗೆ ತಾಗಿದಾಗ ಅದು ಬೊದ್ ಅಂದದ್ದು ನನ್ನ ಕಿವಿಗೆ ಬಿತ್ತು. ಅವರ ಕಿವಿಗೂ ಬಿದ್ದಿರಬೇಕು, ಆ ಕಿವಿಗಳನ್ನು ನಾನು ಬಲ್ಲೆ. ಒಂದೇ ಮಗ್ಗುಲು ಕಾಯಲು ಬಿಟ್ಟು, ಅವರು ಹುಕ್ಕಾದ ಬುರುಡೆಗೆ ನೀರು ತುಂಬಿದರು, ಕೊಳವೆ ತೊಳೆದರು, ತೊಳೆದ ಕೊಳವೆಯನ್ನು ಮತ್ತೆ ತೊಳೆದರು. ‘ಮಗ್ಗುಲು ತಿರುವಿ ಹಾಕ್ರಿ’ ಎಂದು ಹೇಳಲು ಹೋದೆ. ಅದೂ ಎದುರು ಮಾತೇ ಆಗಿತ್ತು, ಬರಲಿಲ್ಲ. ನಾನು ಒಯ್ದಿದ್ದ ತೊಗರಿ ಆರಿಸಿ ಮುಗಿಯಿತು. ಖಾಸಿಂಬಿ ತನ್ನ ಅಕ್ಕಿಯನ್ನೂ ಕೊಟ್ಟಳು, ಅದೂ ಮುಗಿಯಿತು. ಸಂಜೆಯಾಗುವ ಹೊತ್ತಿಗೆ ಆ ಇದ್ದಿಲು ಒಂದು ಕಡೆ ಬೂದಿ, ಇನ್ನೊಂದು ಕಡೆ ಕಪ್ಪು. “ಇವತ್ತ ಗಾಳಿ ಸರಿ ಇಲ್ಲ,” ಅಂದರು. “ನಾಳೆ ನೋಡೂಣಂತ.”

ಮರುದಿನ ಸಣ್ಣ ಇದ್ದಿಲನ್ನೇ ತೆಗೆದರು, ಆದರೆ ಬೀಸಣಿಗೆ ಹಿಡಿದು ಬೀಸಿದ್ದೇ ಬೀಸಿದ್ದು. ಕಣ್ಣಿಗೆ ಕುಕ್ಕುವ ಹಾಗೆ ಕೆಂಪಾಯಿತು. ಹೊರಗಿನವರಿಗೆ ಅದು ಹಣ್ಣೇ. ಕೊಳವೆ ನನ್ನ ಕೈಗೆ ಕೊಟ್ಟರು. ಎಳೆದೆ. “ನೀವು ನನ್ನ” ಅಂದೆ, ಅಲ್ಲಿಗೆ ನಿಂತಿತು. ತಲೆಯಲ್ಲಿ ಯಾರೋ ಒನಕೆಯಿಂದ ಕುಟ್ಟಿದ ಹಾಗಾಯಿತು. ಬೆಂಚಿನ ಮೇಲಿದ್ದವರು ‘ನೀವು ನನ್ನ’ ಎಂದಷ್ಟನ್ನೇ ಕೇಳಿ, ಪ್ರೀತಿಯ ಮಾತೆಂದು ತಿಳಿದು, ನಾಚಿ ಮುಖ ತಿರುಗಿಸಿದರು. ದ್ಯಾಮಣ್ಣನಂತೂ “ಇಷ್ಟು ವರ್ಷ ಆದ ಮ್ಯಾಲೂ ನೋಡ್ರಿ” ಎಂದು ಊರೆಲ್ಲ ಹೇಳಿಕೊಂಡು ಬಂದ.

ಆ ದಿನ ಬಂದಂಥ ಸಿಟ್ಟು ನನಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಅವರಿಗೆ ಕೆಂಡ ಕಾಯಿಸಲು ಬರುವುದಿಲ್ಲ ಅಂದಿದ್ದರೆ ಪಾಪ ಅನ್ನಬಹುದಿತ್ತು. ಆ ಕೈ ತಪ್ಪು ಮಾಡಲು ಎಷ್ಟು ಕಷ್ಟಪಟ್ಟಿತೆಂದು ನನಗೆ ಕಾಣುತ್ತಿತ್ತು. ಮನೆಗೆ ಬಂದು ತಲೆಗೆ ಬಟ್ಟೆ ಕಟ್ಟಿ ಮಲಗಿದೆ. ಅವರು ತಲೆಯ ಹತ್ತಿರ ಕೂತು ಹಣೆಗೆ ಶುಂಠಿ ಹಚ್ಚಿದರು. ಚೆನ್ನಾಗಿಯೇ ಹಚ್ಚಿದರು. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಸಂತೆಯ ದಿನ ಬಂತು. ಮರುದಿನ ಬೆಳಿಗ್ಗೆ ಚಿಗವ್ವನ ಬಂಡಿ. ಸಂತೆ ಮುಗಿಸಿದವರೆಲ್ಲ ಚೀಲ ಹೊತ್ತುಕೊಂಡು ಬಂದು ಹುಕ್ಕಾಮನೆಯಲ್ಲಿ ಸೇರಿದ್ದರು. ಹೊಗೆ ಸೇರಬಾರದೆಂದು ಆ ಮನೆಗೆ ಎರಡು ಕಡೆ ಗೋಡೆಯೇ ಇಲ್ಲ, ಆದ್ದರಿಂದ ನೋಡುವವರಿಗೆ ಬಹಳ ಅನುಕೂಲ. ನನ್ನ ಗಂಡ ಬುಟ್ಟಿಯ ಮೇಲೆ ಬಾಗಿ, ಇವತ್ತು ಯಾವ ಇದ್ದಿಲನ್ನು ಕೆಡಿಸುವುದು ಎಂದು ಹುಡುಕುತ್ತಿದ್ದರು. ಇಕ್ಕಳ ಅವರ ಸೊಂಟದಲ್ಲಿ ನೇತಾಡುತ್ತಿತ್ತು.

ಆಗ ನನಗೆ ಹೊಳೆಯಿತು. ಗಂಟಲಿಗೆ ಕಟ್ಟು ಇದೆ, ಕೈಗೆ ಯಾವ ಕಟ್ಟೂ ಇಲ್ಲ. ಇಷ್ಟು ತಲೆಮಾರು ಈ ಊರಿನ ಜನ ಬಾಯಿ ಬಾರದ್ದಕ್ಕೆ ಕೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ನಾನು ಎದ್ದು ಹೋಗಿ ಅವರ ಸೊಂಟದಿಂದ ಇಕ್ಕಳ ಎಳೆದುಕೊಂಡೆ.

ಯಾರೂ ಏನೂ ಅನ್ನಲಿಲ್ಲ. ಅನ್ನಲು ಬರುವಂತಿರಲಿಲ್ಲ. ನನ್ನ ಗಂಡ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದರು. ನಾನು ಬೆಂಚನ್ನು ತೋರಿಸಿದೆ. ಅವರು ಹೋಗಿ ಕೂತರು. ಹುಟ್ಟಿದಾಗಿನಿಂದ ಆ ಮನೆಯಲ್ಲಿ ಇದ್ದವರು, ಬೆಂಚಿನ ಮೇಲೆ ಹೇಗೆ ಕೂರಬೇಕೆಂದು ತಿಳಿಯದೆ ಮೊದಲು ತುದಿಗೆ ಕೂತು, ಆಮೇಲೆ ಹಿಂದಕ್ಕೆ ಸರಿದು, ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡರು. ಖಾಸಿಂಬಿ ಅವರ ಮಡಿಲಿಗೆ ಒಂದು ಮೊರ ಅಕ್ಕಿ ಇಟ್ಟಳು.

ನಾನು ಬುಟ್ಟಿಯ ಮೇಲುಗಡೆಯಿಂದ ಇದ್ದಿಲು ಆರಿಸಿದೆ. ತಾಗಿಸಿ ನೋಡಿದೆ, ಟಣ್ ಅಂತು. ಜಾಲರಿಯ ಮೇಲಿಟ್ಟೆ. ಬೀಸಣಿಗೆಯನ್ನು ದೂರ ಒಗೆದೆ. ಆವಿಗೆಯ ಮುಂದೆ ಬೆಳೆದವಳಿಗೆ ಬೆಂಕಿಯ ಬಣ್ಣ ಯಾರೂ ಹೇಳಿಕೊಡಬೇಕಿಲ್ಲ. ಮೂಲೆ ಕೆಂಪಾಯಿತು, ತಿರುವಿದೆ. ಕಿಡಿ ಚಟಪಟ ಅಂದು ನಿಂತವು, ಮತ್ತೆ ತಿರುವಿದೆ. ಎಲ್ಲ ಮಗ್ಗುಲೂ ಕೆಂಪಾದರೂ ಅಡಿಯಲ್ಲಿ ಉಗುರಿನಷ್ಟು ಕಪ್ಪು ಉಳಿದಿತ್ತು. ಇಟ್ಟುಬಿಡಲೇ ಅನ್ನಿಸಿತು. ಎದುರಿಗೆ ನನ್ನ ಗಂಡ ಅಕ್ಕಿ ಆರಿಸುವುದನ್ನು ಬಿಟ್ಟು ಆ ಕಪ್ಪನ್ನೇ ನೋಡುತ್ತಿದ್ದರು. ನಾನು ಅವಸರ ಮಾಡಲಿ ಎಂದು ಅವರು ಬೇಡಿಕೊಳ್ಳುತ್ತಿದ್ದರೋ, ತಮ್ಮ ಕಸುಬು ಕೆಡದಿರಲಿ ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಇನ್ನೊಮ್ಮೆ ತಿರುವಿದೆ. ಕಾದೆ. ಬೂದಿ ತೆಳ್ಳಗೆ, ಹಾಲಿನ ಕೆನೆಯ ಹಾಗೆ ಕಟ್ಟಿತು. ತಟ್ಟಿ ಚಿಲುಮೆಯ ಅಂಚಿಗೆ ಇಟ್ಟೆ.

ಕೊಳವೆ ಹಿಡಿದು ಎಳೆದೆ. ಗಂಟಲು ತೆರೆಯಿತು. ‘ನಾನು ಹೋಗುತ್ತೇನೆ’ ಎಂದು ಹೇಳಲು ಬಾಯಿ ಬಿಟ್ಟರೆ ಬಂದದ್ದು ಬೇರೆಯೇ.

“ಮದವಿ ದಿನ ನಿಮ್ಮ ರುಮಾಲು ಸೊಟ್ಟ ಇತ್ತು.”

ನನಗೇ ಆಶ್ಚರ್ಯವಾಯಿತು. ಆ ದಿನ ಹೇಳಬೇಕೆಂದಿದ್ದೆ, ಗಂಟಲಲ್ಲಿ ನಿಂತಿತ್ತು. ಆಮೇಲೆ ಮರೆತಿದ್ದೆ. ಗಂಟಲು ಮರೆತಿರಲಿಲ್ಲ. ಇಷ್ಟು ವರ್ಷದ ಮಾತುಗಳೆಲ್ಲ ಬಂದ ಸರತಿಯಲ್ಲೇ ನಿಂತಿದ್ದವು, ಮೊದಲು ಬಂದದ್ದು ಮೊದಲು. ನಿಮ್ಮವ್ವ ಕೊಟ್ಟ ಸೀರೆ ನನಗೆ ಹಿಡಿಸಲಿಲ್ಲ. ನೀವು ಗೊರಕೆ ಹೊಡೆಯುತ್ತೀರಿ. ಸಾರಿಗೆ ಉಪ್ಪು ಹಾಕಿದ್ದೇನೆಂದು ಗೊತ್ತಿದ್ದೂ ಮತ್ತೆ ಹಾಕುತ್ತೀರಿ. ಕೋಳಿಯನ್ನು ತಿಗರಿಯ ಮೇಲೆ ಕೂರಿಸಬೇಡಿ. ಕರದಂಟು ನನಗೆ ಮೊದಲು ಇಷ್ಟವಿತ್ತು, ಈಗ ಇಲ್ಲ. ಸಂತೆಯ ಜನ ಚೀಲ ಕೆಳಗಿಟ್ಟು ಆರಾಮಾಗಿ ಕೂತರು. ದ್ಯಾಮಣ್ಣ “ಉಪ್ಪಿಂದು ಖರೇ” ಎಂದು ಪಕ್ಕದವನಿಗೆ ಪಿಸುಗುಟ್ಟಿದ.

ನನಗೆ ಭಯ ಹುಟ್ಟಿತು. ಕೆಂಡ ಸವೆಯುತ್ತಿತ್ತು. ಸರತಿಯ ಕೊನೆಯಲ್ಲಿ ನಿಂತ ಮಾತು ಬರುವುದರೊಳಗೆ ಅದು ಬೂದಿಯಾದರೆ, ನಾಳೆ ಬಂಡಿಯಲ್ಲಿ ನಾನು ರುಮಾಲು ಸೊಟ್ಟವಿತ್ತೆಂದು ಹೇಳಿ ಬಂದವಳಾಗಿ ಹೋಗಬೇಕು. ಉಸಿರು ಬಿಡದೆ ಆಡಿದೆ. ಮಾವನ ತಿಥಿ, ಸೋರುವ ಮಾಡು, ಅವರ ತಂಗಿಯ ಮದುವೆಗೆ ಹೋದ ನನ್ನ ಬಳೆ, ಎಲ್ಲ ಒಂದರ ಬೆನ್ನಿಗೆ ಒಂದು ಬಂದವು. ಆಮೇಲೆ ಆವಿಗೆ ಬಂತು. ಪ್ರತಿ ಸುಗ್ಗಿಯ ಆವಿಗೆಯೂ ಒಂದೊಂದಾಗಿ ಬಂತು.

“ನೋಡೂಣಂತ, ನೋಡೂಣಂತ ಅಂದು ನನ್ನ ಕೈ ಒಣಗಿಸಿದ್ರಿ,” ಅಂದೆ. ಅಳು ಬಂತು, ಅದನ್ನೂ ತಡೆಯಲಿಲ್ಲ. “ಬ್ಯಾಡ ಅಂದಿದ್ರ ನಾ ಬಡಿದಾಡ್ತಿದ್ದೆ. ಹೂಂ ಅಂದಿದ್ರ ಮಣ್ಣು ತರ್ತಿದ್ದೆ. ಎರಡೂ ಬಿಟ್ಟು ನಕ್ಕೋತ ಕುಂತ್ರಿ. ಕೆಂಡಾನೂ ಕೆಡಿಸಿದ್ರಿ. ನಾ ನಾಳೆ ಹೊಂಟೀನಿ. ಚಿಗವ್ವನ ಆವಿಗಿ ಹಿಡೀತೀನಿ. ನೀವು ಏನಂದ್ರೂ ಹೋಗ್ತೀನಿ.”

ಬಂತು. ಕೊಳವೆಯನ್ನು ಅವರ ಕೈಗೆ ಕೊಟ್ಟೆ. ಕೆಂಡ ಕಡಲೆಯಷ್ಟು ಉಳಿದಿತ್ತು.

ಊರಿಗೆಲ್ಲ ಕೆಂಡ ಇಟ್ಟವರು ಒಂದು ದಿನವೂ ದಮ್ಮು ಎಳೆದವರಲ್ಲ. ಅವರಿಗೆ ಕೊಳವೆಯ ಯಾವ ತುದಿ ಬಾಯಿಗೆ ಎಂದು ಗೊತ್ತಿತ್ತು, ಹೇಗೆ ಎಳೆಯುವುದೆಂದು ಗೊತ್ತಿರಲಿಲ್ಲ. ಎಳೆದು, ಕೆಮ್ಮಿ, ಕಣ್ಣಲ್ಲಿ ನೀರು ಬಂದು, ಮತ್ತೆ ಎಳೆದರು. ಅವರ ಸರತಿಯಲ್ಲಿ ಎಷ್ಟು ಮಾತು ನಿಂತಿರಬಹುದೋ, ನನ್ನ ರೊಟ್ಟಿಯ ಬಗ್ಗೆ ಏನೇನು ಕೇಳಬೇಕಾಗುತ್ತದೋ ಎಂದು ನಾನು ಸೆರಗು ಬಿಗಿ ಮಾಡಿ ಕೂತೆ. ಆದರೆ ಅವರ ಸರತಿಯಲ್ಲಿ ಇದ್ದದ್ದು ಒಂದೇ ಮಾತು.

“ಬ್ಯಾಡ,” ಅಂದರು.

ತಾವು ಆಡಿದ್ದು ತಮಗೇ ನಂಬಿಕೆಯಾಗದೆ, ಅವರು ಗಂಟಲು ಮುಟ್ಟಿ ನೋಡಿಕೊಂಡರು.

“ಬ್ಯಾಡ. ಆವಿಗಿ ಬ್ಯಾಡ. ಮೊದಲನೇ ಸಲ ಕೇಳಿದಾಗ ಇದನ್ನ ಹೇಳಬೇಕಂತಿದ್ದೆ, ಬರಲಿಲ್ಲ. ನೋಡೂಣಂತ ಅನ್ನೂದು ಬಂತು, ಅದನ್ನ ಅಂದೆ. ಆಮ್ಯಾಲ ಅದ ರೂಢಿ ಆತು.”

“ಯಾಕ ಬ್ಯಾಡ?”

“ಮಣ್ಣು ಮುಟ್ಟಿದ್ರ ನಿನಗ ಊಟ ನೆಪ್ಪಿರೂದಿಲ್ಲ. ಬಂದ ಹೊಸತರಾಗ ಒಂದು ದಿನ ತಿಗರಿ ತಿರುವಿದಿ, ನಾ ಬಂದು ಹಿಂದ ನಿಂತೆ, ನೀ ನನ್ನ ನೋಡಲಿಲ್ಲ. ಕರದೆ, ಕೇಳಲಿಲ್ಲ. ಹೊತ್ತು ಮುಳುಗೂ ತನಕ ನಿಂತಿದ್ದೆ. ಈ ಊರಾಗ ಎಲ್ಲಾರೂ ನನ್ನ ಕಡೆ ಕೆಂಡಕ್ಕಂತ ಬರ್ತಾರ. ಬರೇ ನನಗಂತ ಮನ್ಯಾಗ ಇರೂದು ನೀ ಒಬ್ಬಾಕಿ. ನಿನಗೂ ನಿಂದ ಬೆಂಕಿ ಆದ್ರ...” ಕೊಳವೆಯನ್ನು ಇನ್ನೊಮ್ಮೆ ಎಳೆದರು. “ಹೋಗಬ್ಯಾಡ. ಅದಕ್ಕ ಕೆಂಡ ಕೆಡಿಸಿದೆ. ಕಾಯಿಸಿ ಕೊಟ್ರ ಹೋಗ್ತೀನಿ ಅಂತಿದ್ದಿ.”

ಆ ಒಂದು ದಿನ ನನಗೆ ನೆನಪೇ ಇರಲಿಲ್ಲ. ತಿಗರಿಯ ಹಿಂದೆ ಒಬ್ಬ ಮನುಷ್ಯ ಸಂಜೆಯವರೆಗೆ ನಿಂತಿದ್ದ, ನಾನು ನೋಡಿರಲಿಲ್ಲ. ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದೆ, ಇತ್ತು, ಆದರೆ ಮೊದಲಿನ ಜಾಗದಲ್ಲಿ ಇರಲಿಲ್ಲ. ಹೋಗುವ ಮನಸ್ಸು ಮಾತ್ರ ಇದ್ದಲ್ಲೇ ಇತ್ತು.

“ಹೋಗ್ತೀನಿ,” ಎಂದು ಕೊಳವೆ ಕಿತ್ತುಕೊಂಡು ಎಳೆದು ಹೇಳಿದೆ. “ಬಿಸಿಲು ಇರೂ ತನಕ ಅಲ್ಲಿ ಸುಡ್ತೀನಿ. ಮಳಿ ಹಿಡದ ಮ್ಯಾಲ ಆವಿಗಿ ಹತ್ತೂದಿಲ್ಲ.”

ಅಷ್ಟರಲ್ಲಿ ಕೆಂಡ ಬೂದಿಯಾಯಿತು. ಚಿಲುಮೆಯ ಅಂಚಿನಿಂದ ಉದುರಿ ಬುರುಡೆಯ ಬುಡಕ್ಕೆ ಬಿತ್ತು. ಗಂಟಲು ಮುಚ್ಚಿದ್ದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಜನ ಚೀಲ ಎತ್ತಿಕೊಳ್ಳತೊಡಗಿದರು.

ನನ್ನ ಗಂಡ ಬೂದಿಯನ್ನು ನೋಡುತ್ತಾ ಕೇಳಿದರು. ಕೇಳಲು ಕೆಂಡ ಬೇಡವಲ್ಲ.

“ಮಳಿ ಹಿಡದ ಮ್ಯಾಲ ಬರ್ತೀಯೇನು?”

‘ಬರ್ತೀನಿ’ ಎಂಬುದು ನಾಲಗೆಯ ತುದಿಗೆ ಬಂದಿತ್ತು. ಅದಕ್ಕೆ ಯಾವ ತಡೆಯೂ ಇರಲಿಲ್ಲ. ಬಾಯಿ ತೆರೆದವಳು ಮುಚ್ಚಿದೆ. ಈ ಊರಲ್ಲಿ ಹೂಂ ಅನ್ನುವುದು ಯಾರಿಗೆ ತಾನೇ ಬರುವುದಿಲ್ಲ? ನಾನು ಈ ಮನೆಗೆ ಬಂದಾಗಿನಿಂದ ಹೂಂ ಅನ್ನುತ್ತಲೇ ಇದ್ದೇನೆ. ಬರುವುದಿಲ್ಲ ಎಂದುಕೊಂಡಿದ್ದರೂ ಈಗ ಬರ್ತೀನಿ ಅಂತಲೇ ಬರುತ್ತಿತ್ತು. ಅವರಿಗೂ ಅದು ಗೊತ್ತು. ಉತ್ತರಕ್ಕಾಗಿ ನಾನು ಇಷ್ಟು ದಿನ ಒದ್ದಾಡಿ, ಈಗ ಅವರ ಕೈಗೆ ಅಂಥ ಉತ್ತರ ಇಡಲು ಮನಸ್ಸು ಬರಲಿಲ್ಲ.

“ಇನ್ನೊಂದು ಇದ್ದಿಲು ಇಡ್ರಿ,” ಅಂದೆ. ಇಕ್ಕಳವನ್ನು ಅವರಿಗೇ ಕೊಟ್ಟೆ.

ಅವರ ಮುಖದ ಬಣ್ಣ ಇಳಿಯಿತು. ಕೆಂಡ ಕೇಳಿದಳೆಂದರೆ ಇಲ್ಲವೆನ್ನಲಿಕ್ಕೇ ಎಂದು ಆ ಮನೆಯಲ್ಲಿ ಯಾರಾದರೂ ಹೇಳಿಯಾರು. ಅದಕ್ಕಲ್ಲದೆ ಇನ್ನು ಯಾತಕ್ಕೂ ಅಲ್ಲಿ ಕೆಂಡ ಕಾದದ್ದಿಲ್ಲ. ಹೊರಟಿದ್ದ ಜನ ಮತ್ತೆ ಚೀಲ ಕೆಳಗಿಟ್ಟರು. ಅವರು ಬುಟ್ಟಿಯ ಹತ್ತಿರ ಹೋದರು. ಕೈ ತಾನಾಗಿ ತಳಕ್ಕೆ ಇಳಿಯಿತು, ಥಂಡಿ ಇದ್ದಿಲು ಇರುವ ಕಡೆಗೆ. ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೇಲಕ್ಕೆ ಬಂತು.

ಅವರು ತೆಗೆದದ್ದು ಬುಟ್ಟಿಯಲ್ಲೇ ಒಳ್ಳೆಯ ಇದ್ದಿಲು. ಸ್ವಲ್ಪ ದೊಡ್ಡದಾಯಿತೆಂದು ಮುರಿದು ಸಣ್ಣದು ಮಾಡಿದರು. ಟಣ್ ಅನ್ನಿಸಿ ನೋಡಿದರು. ಜಾಲರಿಯ ಮೇಲಿಟ್ಟು, ಬೀಸಣಿಗೆಯ ಕಡೆ ನೋಡದೆ, ಮಂಡಿಯೂರಿ ಕೂತರು. ಮೂಲೆ ಕೆಂಪಾಗುತ್ತಲೇ ತಿರುವಿದರು. ಒಂದು ಗಳಿಗೆ ಮುಂಚೆಯೂ ಇಲ್ಲ, ಒಂದು ಗಳಿಗೆ ತಡವೂ ಇಲ್ಲ. ನಾನು ಅವರ ಪಕ್ಕದಲ್ಲಿ ಇಷ್ಟು ವರ್ಷ ಬಾಳಿದ್ದೇನೆ, ಅಂಥ ಕೆಂಡ ಕಾಯಿಸಿದ್ದನ್ನು ಕಂಡಿರಲಿಲ್ಲ. ಅದು ಹಣ್ಣಾಗುತ್ತಾ ಬಂದರೂ ಅವರು ನಿಲ್ಲಿಸಲಿಲ್ಲ. ಅಡಿಯಲ್ಲಿ ಉಳಿದಿದ್ದ ಕೊನೆಯ ಕಪ್ಪನ್ನೂ ತಿರುವಿ ಕಾಯಿಸಿದರು. ಬಿಳಿಬೂದಿ ಕಟ್ಟಿತು. ತಟ್ಟಿ, ಅಂಚಿಗೆ ಇಟ್ಟು, ಕೊಳವೆಯನ್ನು ನನ್ನ ಕಡೆ ತಿರುಗಿಸಿ, ನೆಲ ನೋಡುತ್ತಾ ಕೂತರು.

ಎಳೆದೆ. ಗಂಟಲು ಹಸನಾಗಿ ತೆರೆಯಿತು. ಇಲ್ಲ ಎಂಬುದೂ ಅಲ್ಲೇ ಇತ್ತು, ಬೇಕಾದರೆ ಬರಲು ಸಿದ್ಧವಾಗಿತ್ತು. ಎರಡನ್ನೂ ಒಮ್ಮೆ ನೋಡಿದೆ.

“ಬರ್ತೀನಿ,” ಅಂದೆ.

ಯಾರಿಗೂ ಏನೂ ಅರ್ಥವಾಗಲಿಲ್ಲ. ದ್ಯಾಮಣ್ಣ ಮುಂದಿನ ಮಾತಿಗಾಗಿ ಕತ್ತು ಚಾಚಿ ಕಾದ. ಕೊನೆಗೆ ಖಾಸಿಂಬಿ, “ಇಷ್ಟಕ್ಕ ಒಂದು ಛಲೋ ಕೆಂಡ ಯಾಕ ಹಾಳು ಮಾಡಿದ್ರವ್ವಾ?” ಎಂದು ಮೊರ ಎತ್ತಿಕೊಂಡಳು.

ನನ್ನ ಗಂಡನಿಗೆ ಅರ್ಥವಾಗಿತ್ತು. ಹೆಗಲ ಮೇಲಿನ ವಸ್ತ್ರ ತೆಗೆದು ಎರಡೂ ಕಣ್ಣು ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಎಲ್ಲರೂ ನೋಡುತ್ತಿದ್ದಾರೆಂದು ತಿಳಿದು, “ಹೊಗಿ ನೋಡು,” ಅಂದರು. “ಕಣ್ಣಾಗ ಹೊಗಿ ಹೋತು.”

ಹಣ್ಣಾದ ಕೆಂಡದಲ್ಲಿ ಹೊಗೆ ಇರುವುದಿಲ್ಲ. ಕೊಳವೆ ನನ್ನ ಕೈಯಲ್ಲೇ ಇತ್ತು, ಗಂಟಲು ತೆರೆದೇ ಇತ್ತು. ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.